ನೆರೆಹೊರೆಯವರ ದೇಶಭಕ್ತೆ ಜೇನ್ ಆಡಮ್ಸ್

ದೇಶವನ್ನು ಪ್ರೀತಿಸುವುದೆಂದರೆ ಏನು? ಶಾಲೆಯಲ್ಲಿದ್ದ ಕಾಲದಲ್ಲಿ ನಾವೆಲ್ಲರೂ ಧ್ವಜದ ಮುಂದೆ ಸಾಲಾಗಿ ನಿಂತು ಹಾಡಿದವರೇ ಆಗಿದ್ದೇವೆ. ಈ ವಿಷಯವಾಗಿ ಪ್ರಬಂಧ ಬರೆದು ಬಹುಮಾನ ಪಡೆದವರೂ ನಮ್ಮಲ್ಲಿ ಕೆಲವರಿದ್ದಾರೆ. ಆದರೆ ಶಾಲೆಯ ಹೊಸಲು ದಾಟಿ ಸಂಸಾರದಲ್ಲಿಯೋ ಉದ್ಯೋಗದಲ್ಲಿಯೋ ಕಾಲಿರಿಸಿದ ಮೇಲೆ ಆ ಪ್ರೀತಿಯನ್ನು ದಿನದಿನದ ಬಾಳಿನಲ್ಲಿ ನಡಸುವುದು ಹೇಗೆಂಬುದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ತನ್ನ ದೇಶವೇ ದಾರಿ ತಪ್ಪಿದೆಯೆಂದು ಮನಸ್ಸಾಕ್ಷಿಯು ನುಡಿದರೆ ಆಗ ಮಾಡತಕ್ಕದ್ದೇನು ಎಂಬುದಂತೂ ಇನ್ನೂ ಕಠಿಣವಾದ ಪ್ರಶ್ನೆ. ಈ ಎರಡು ಪ್ರಶ್ನೆಗಳಿಗೂ ತನ್ನ ಬಾಳನ್ನೇ ಉತ್ತರವಾಗಿ ಇಟ್ಟು ಹೋದ ಒಬ್ಬ ಅಮೆರಿಕನ್ ಮಹಿಳೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ವಾಚಕ ಸೋದರಿಯರ ಮುಂದೆಯೂ ಅವರ ತಾಯಿತಂದೆಗಳ ಮುಂದೆಯೂ ಇರಿಸಬಯಸುತ್ತೇವೆ.

ಜೇನ್ ಆಡಮ್ಸ್ ಹುಟ್ಟಿದ್ದು 1860ನೆಯ ಇಸವಿ ಸೆಪ್ಟೆಂಬರ್ 6ರಂದು, ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಸಣ್ಣ ಹಳ್ಳಿಯಲ್ಲಿ. ಆಕೆಯ ತಂದೆ ಜಾನ್ ಆಡಮ್ಸರು ಹಿಟ್ಟಿನ ಗಿರಣಿಯ ಒಡೆಯರು; ಹದಿನಾರು ವರ್ಷ ಸಂಸ್ಥಾನದ ಶಾಸನಸಭೆಯ ಸದಸ್ಯರಾಗಿದ್ದವರು; ಅಬ್ರಹಾಂ ಲಿಂಕನರ ಪರಿಚಯವೂ ಪತ್ರವ್ಯವಹಾರವೂ ಇದ್ದವರು. ಮಗುವಿಗೆ ಎರಡು ವರ್ಷ ತುಂಬಿ ಕೆಲವೇ ತಿಂಗಳಾಗಿದ್ದಾಗ ತಾಯಿಯು ತೀರಿಕೊಂಡಳು. ಸ್ವಲ್ಪ ಕಾಲದಲ್ಲಿಯೇ ಬೆನ್ನೆಲುಬಿನ ಕ್ಷಯರೋಗವು ತಗಲಿ ಆಕೆಯ ಬೆನ್ನು ಶಾಶ್ವತವಾಗಿ ಡೊಂಕಾಯಿತು. ತಾಯಿಯಿಲ್ಲದ ಆ ಮಗುವಿಗೆ ತಂದೆಯೇ ಸರ್ವಸ್ವವಾದನು. ಗಿರಣಿಯ ಹಿಟ್ಟನ್ನು ಉಜ್ಜಿ ಪರೀಕ್ಷಿಸಿ ಚಪ್ಪಟೆಯಾಗಿದ್ದ ತಂದೆಯ ಹೆಬ್ಬೆರಳಿನಂತೆಯೇ ತನ್ನ ಹೆಬ್ಬೆರಳೂ ಆಗಬೇಕೆಂದು ಆಕೆ ಗಂಟೆಗಟ್ಟಲೆ ಹಿಟ್ಟನ್ನು ಬೆರಳಲ್ಲಿ ತಿಕ್ಕುತ್ತ ಕೂಡುತ್ತಿದ್ದಳಂತೆ.

ಅದೇ ಪ್ರೀತಿಯಿಂದ ಒಂದು ವಿಚಿತ್ರ ಸಂಕಟವೂ ಹುಟ್ಟಿತು. ಇಷ್ಟು ಗಂಭೀರನಾದ ಪುರುಷನಿಗೆ ಇಂಥ ಕುರೂಪಿ ಮಗಳೆಂದು ಪರವೂರಿನವರು ನಗಬಾರದೆಂದು ಹುಡುಗಿಯು ಆದಿತ್ಯವಾರ ದೇವಾಲಯದಿಂದ ಹಿಂದಿರುಗುವಾಗ ತಂದೆಯ ಜೊತೆಗೆ ನಡೆಯದೆ ಚಿಕ್ಕಪ್ಪನ ಮಗ್ಗುಲಲ್ಲಿ ನಡೆಯುತ್ತಿದ್ದಳು. ಒಂದು ದಿನ ಹತ್ತಿರದ ಪಟ್ಟಣದ ಜನಭರಿತವಾದ ಬೀದಿಯಲ್ಲಿ ತಂದೆಯು ಎದುರಾದನು. ಎಲ್ಲರೂ ನೋಡುತ್ತಿರುವಾಗಲೇ ತನ್ನ ರೇಷ್ಮೆಯ ಟೋಪಿಯನ್ನು ತೆಗೆದು, ದೊಡ್ಡವರಿಗೆ ವಂದಿಸುವಂತೆ ಮಗಳಿಗೆ ತಲೆಬಾಗಿದನು. ಹುಡುಗಿಯ ಮನಸ್ಸಿನ ನಾಚಿಕೆಯೆಲ್ಲ ಆ ಒಂದು ವಂದನೆಯಿಂದ ಕರಗಿಹೋಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಯೋಜನ ಬರುವುದು.

ಲಿಂಕನರು 1865ರಲ್ಲಿ ಕೊಲೆಯಾದಾಗ ನಾಲ್ಕೂವರೆ ವರ್ಷದ ಜೇನಳು ತಮ್ಮ ಮನೆಯ ಬಾಗಿಲಿನ ಕಂಬಗಳಲ್ಲಿ ಧ್ವಜದೊಡನೆ ಕರಿಯ ಬಟ್ಟೆಯನ್ನು ಕಟ್ಟಿದ್ದನ್ನೂ ತಂದೆಯ ಕಣ್ಣೀರನ್ನೂ ಕಂಡಳು. ಧ್ವಜವೆಂದರೆ ದುಃಖವೂ ಹೊಣೆಯೂ ಸೇರಿದ ವಸ್ತುವೆಂಬ ಭಾವನೆಯು ಆಗಲೇ ನೆಟ್ಟಿರಬೇಕು. ಏಳು ವರ್ಷಗಳ ತರುವಾಯ 1872ರಲ್ಲಿ ಇನ್ನೊಂದು ಬೆಳಿಗ್ಗೆ ತಂದೆಯು ವೃತ್ತಪತ್ರಿಕೆಯನ್ನು ಕೈಯಲ್ಲಿ ಹಿಡಿದು ಖಿನ್ನನಾಗಿ ಕುಳಿತಿದ್ದನು. ಇಟಲಿಯ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಮ್ಯಾಜಿನಿಯು ಮರಣಹೊಂದಿದನೆಂಬುದೇ ಆ ಖೇದಕ್ಕೆ ಕಾರಣ. ಅವನು ನಮ್ಮ ದೇಶದವನಲ್ಲ, ನಮಗೆ ಪರಿಚಿತನೂ ಅಲ್ಲ, ಅವನಿಗಾಗಿ ನಾವೇಕೆ ಅಳಬೇಕೆಂದು ಮಗಳು ವಾದಿಸಿದಳು. ಗುಲಾಮಗಿರಿಯನ್ನು ತೊಡೆಯಲು ಅಮೆರಿಕದಲ್ಲಿ ಹೆಣಗಿದವರೂ ಪರಾಧೀನತೆಯನ್ನು ತೊಡೆಯಲು ಇಟಲಿಯಲ್ಲಿ ಹೆಣಗಿದವರೂ ಒಂದೇ ಬಳಗದವರೆಂದು ತಂದೆಯು ತಿಳಿಯಹೇಳಿದನು. ಸ್ವದೇಶಾಭಿಮಾನವೂ ಪರದೇಶದವರ ಮೇಲಣ ಪ್ರೀತಿಯೂ ಪರಸ್ಪರ ವಿರೋಧಿಗಳಲ್ಲವೆಂಬ ಪಾಠವನ್ನು ಆ ಹುಡುಗಿಯು ಕಲಿತದ್ದು ಹೀಗೆ, ಮನೆಯ ಅಗ್ಗಿಷ್ಟಿಕೆಯ ಪಕ್ಕದಲ್ಲಿ.

ಏಳು ವರ್ಷ ತುಂಬುವ ಮೊದಲೇ ತಂದೆಯೊಡನೆ ಫ್ರೀಪೋರ್ಟ್ ಪಟ್ಟಣದ ಬಡವರ ಕೇರಿಗೆ ಹೋಗಿದ್ದ ಜೇನಳು ಅಲ್ಲಿಯ ಹೊಲಸು ಗುಡಿಸಲುಗಳನ್ನು ನೋಡಿ ಬೆರಗಾಗಿ, ತಾನು ದೊಡ್ಡವಳಾದ ಮೇಲೆ ದೊಡ್ಡ ಮನೆ ಮಾಡುವೆನೆಂದೂ ಅದನ್ನು ಇಂಥ ಮನೆಗಳ ನಡುವೆಯೇ ಕಟ್ಟುವೆನೆಂದೂ ಹೇಳಿದ್ದಳು. ಮಕ್ಕಳ ಮಾತು ಗಾಳಿಗೆ ಹೋಗುವುದೇ ವಾಡಿಕೆ. ಈ ಮಾತು ಮಾತ್ರ ಹಾಗಾಗಲಿಲ್ಲ.

1877ರಲ್ಲಿ ಆಕೆಯನ್ನು ರಾಕ್‌ಫರ್ಡಿನ ಹೆಣ್ಣುಮಕ್ಕಳ ವಿದ್ಯಾಶಾಲೆಗೆ ಸೇರಿಸಿದರು. ಅದು ಕ್ರೈಸ್ತ ಸೇವಾಭಾವದಿಂದ ಸ್ಥಾಪಿತವಾದ ಶಾಲೆ. ಅಲ್ಲಿಂದ ಹೊರಟ ಎಷ್ಟೋ ಹುಡುಗಿಯರು ದೂರದೇಶಗಳಿಗೆ ಮಿಷನರಿಗಳಾಗಿ ಹೋಗಿದ್ದರು. ಜೇನಳನ್ನೂ ಆ ಮಾರ್ಗಕ್ಕೆ ತಿರುಗಿಸಲು ಅಧ್ಯಾಪಕಿಯರು ಬಹಳವಾಗಿ ಯತ್ನಿಸಿದರು. ಆದರೆ ಹೃದಯಕ್ಕೆ ಇನ್ನೂ ನಿಶ್ಚಯವಾಗದ ಭಕ್ತಿಯನ್ನು ಬಾಯಿಯಿಂದ ಒಪ್ಪಿಕೊಳ್ಳುವುದು ಸಲ್ಲದೆಂದು ಆಕೆ ವಿನಯದಿಂದಲೇ ನಿರಾಕರಿಸಿದಳು. ಶಾಲೆಯ ಮೇಲೆ ಆಕೆಗೆ ಮುನಿಸಿರಲಿಲ್ಲ. ಶಾಲೆಯೂ ಆಕೆಯನ್ನು ತಳ್ಳಿಬಿಡಲಿಲ್ಲ. 1881ರಲ್ಲಿ ತರಗತಿಯ ಮೊದಲಿಗಳಾಗಿ ತೇರ್ಗಡೆಹೊಂದಿದಳು. ಮುಂದೆ ಕೆಲವು ವರ್ಷಗಳಾದ ಮೇಲೆ ಯಾರ ಒತ್ತಾಯವೂ ಇಲ್ಲದೆ ತನ್ನ ಹಳ್ಳಿಯ ಪ್ರೆಸ್ಬಿಟೀರಿಯನ್ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದಳು. ಮಿಷನ್ ಶಾಲೆಯಲ್ಲಿ ಓದಿದ ನಮಗೆ ಈ ಸಂಗತಿಯು ಅರ್ಥವಾಗದೆ ಇರದು. ಬಿತ್ತಿದ ಬೀಜವು ಬಿತ್ತಿದವರು ನೆನಸಿದ ದಿನವೇ ಮೊಳೆಯುವುದಿಲ್ಲ.

ಶಾಲೆ ಬಿಟ್ಟ ಬೇಸಿಗೆಯಲ್ಲಿಯೇ ತಂದೆಯು ಆಕಸ್ಮಿಕವಾಗಿ ಮೃತನಾದನು. ಫಿಲಡೆಲ್ಫಿಯದಲ್ಲಿ ಹೆಂಗಸರ ವೈದ್ಯಶಾಲೆಗೆ ಸೇರಿದ ಜೇನಳು ಬೆನ್ನಿನ ಬೇನೆಯಿಂದ ಕೆಲವೇ ತಿಂಗಳುಗಳಲ್ಲಿ ಓದನ್ನು ನಿಲ್ಲಿಸಬೇಕಾಯಿತು. ಮುಂದಿನ ಎಂಟು ವರ್ಷಗಳು ಆಕೆಯ ಬಾಳಿನ ಕತ್ತಲೆಯ ಕಾಲ. ಕೈಯಲ್ಲಿ ತಂದೆಯಿಂದ ಬಂದ ಹಣವಿತ್ತು, ತಲೆಯಲ್ಲಿ ವಿದ್ಯೆಯಿತ್ತು. ಮಾಡುವುದಕ್ಕೆ ಕೆಲಸ ಮಾತ್ರ ಇರಲಿಲ್ಲ. ಯೂರೋಪಿನ ಚಿತ್ರಶಾಲೆಗಳನ್ನೂ ದೇವಾಲಯಗಳನ್ನೂ ನೋಡುತ್ತ ತಿರುಗಿದಳು. 1883ರಲ್ಲಿ ಲಂಡನ್ ನಗರದ ಪೂರ್ವಭಾಗದಲ್ಲಿ ಒಂದು ಶನಿವಾರದ ರಾತ್ರಿ ಆಕೆ ಕಂಡ ನೋಟವೊಂದು ಎಂದಿಗೂ ಕಣ್ಣಿನಿಂದ ಮರೆಯಾಗಲಿಲ್ಲ. ಆದಿತ್ಯವಾರಕ್ಕೆ ಉಳಿಯದ ಕೊಳೆತ ತರಕಾರಿಯನ್ನು ಬಂಡಿಯ ಮೇಲಿನಿಂದ ಹರಾಜು ಮಾಡುತ್ತಿದ್ದರು. ದೀಪದ ಮಬ್ಬು ಬೆಳಕಿನಲ್ಲಿ ಬಡವರ ನೂರಾರು ಬರಿಗೈಗಳು ಅದಕ್ಕಾಗಿ ಮೇಲೆದ್ದಿದ್ದವು. ಓದಿದ ಹೆಣ್ಣುಮಕ್ಕಳು ಜೀವನಕ್ಕೆ ಸಿದ್ಧರಾಗುತ್ತಲೇ ಜೀವನವನ್ನು ಕಳೆದುಬಿಡುತ್ತಾರೆಂಬ ಕೊರಗು ಆಕೆಯನ್ನು ಹತ್ತಿತು. ಈ ಕೊರಗನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರೆಂದು ನಾವು ಭಾವಿಸುತ್ತೇವೆ.

1888ರಲ್ಲಿ ಅದೇ ಲಂಡನಿನಲ್ಲಿ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯನ್ನು ಆಕೆ ನೋಡಿದಳು. ವಿಶ್ವವಿದ್ಯಾನಿಲಯದಲ್ಲಿ ಓದಿದ ತರುಣರು ಬಡವರ ಕೇರಿಯಲ್ಲಿಯೇ ಮನೆ ಮಾಡಿ, ಅವರ ನೆರೆಯವರಾಗಿ ಬಾಳುತ್ತಿದ್ದರು. ಮರುವರ್ಷ, 1889ರ ಸೆಪ್ಟೆಂಬರ್ 18ರಂದು, ತನ್ನ ಶಾಲೆಯ ಗೆಳತಿಯಾದ ಎಲೆನ್ ಸ್ಟಾರ್ ಎಂಬಾಕೆಯೊಡನೆ ಮಿಸ್ ಆಡಮ್ಸರು ಶಿಕಾಗೊ ನಗರದ ಹಾಲ್ಸ್ಟೆಡ್ ಬೀದಿಯಲ್ಲಿ ಹಲ್ ಎಂಬ ಗೃಹಸ್ಥನು ಹಿಂದೆ ಕಟ್ಟಿಸಿದ್ದ ಹಳೆಯ ಮನೆಯೊಂದಕ್ಕೆ ಬಂದು ಸೇರಿದರು. ಅದೇ ಲೋಕವಿಖ್ಯಾತವಾದ ಹಲ್ ಹೌಸ್. ಬಾಲ್ಯದ ಮಾತು ನಿಜವಾಯಿತು. ಆಗ ಶಿಕಾಗೊ ನಗರದ ಜನಸಂಖ್ಯೆಯು ಹತ್ತು ಲಕ್ಷವನ್ನು ಮುಟ್ಟಿತ್ತು. ಅವರಲ್ಲಿ ಮುಕ್ಕಾಲು ಪಾಲು ಹೊರದೇಶಗಳಲ್ಲಿ ಹುಟ್ಟಿದವರು ಅಥವಾ ಅಂಥವರ ಮಕ್ಕಳು. ಆ ಬೀದಿಯ ಸುತ್ತಲೂ ಇಟಲಿಯವರು, ಜರ್ಮನರು, ಐರ್ಲೆಂಡಿನವರು, ಬೊಹೀಮಿಯದವರು, ರಷ್ಯ ಪೋಲೆಂಡುಗಳಿಂದ ಓಡಿಬಂದ ಯೆಹೂದ್ಯರು ತುಂಬಿದ್ದರು. ಇವರನ್ನು ಅಮೆರಿಕನರೆಂದು ಎಣಿಸಲು ಹಳೆಯ ಅಮೆರಿಕನರಲ್ಲಿ ಹಲವರು ಒಪ್ಪುತ್ತಿರಲಿಲ್ಲ.

ಆ ಮನೆಯಲ್ಲಿ ಶಿಶುವಿಹಾರವಿತ್ತು. ತಾಯಂದಿರು ಕೆಲಸಕ್ಕೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡಿತ್ತು. ರಾತ್ರಿಯ ಪಾಠ, ಸಂಗೀತ, ನಾಟಕ, ಚಿತ್ರಶಾಲೆ, ವ್ಯಾಯಾಮಶಾಲೆ ಎಲ್ಲವೂ ಒಂದೊಂದಾಗಿ ಬೆಳೆದವು. ದುಡಿಯುವ ಹುಡುಗಿಯರು ತಾವೇ ನಡಸಿಕೊಳ್ಳುವ ಸಹಕಾರಿ ವಸತಿಗೃಹವೊಂದು ಎದ್ದಿತು. 1907ರ ವೇಳೆಗೆ ಒಂದು ಮನೆಯು ಹದಿಮೂರು ಕಟ್ಟಡಗಳಾಯಿತು. ಆದರೆ ಎಲ್ಲವೂ ಸರಿಯಾಗಿಯೇ ನಡೆಯಿತೆಂದು ಮಿಸ್ ಆಡಮ್ಸರು ಎಂದೂ ಹೇಳಿಕೊಳ್ಳಲಿಲ್ಲ. ಪುಷ್ಟಿಕರವಾದ ಆಹಾರವನ್ನು ಅಗ್ಗದಲ್ಲಿ ಒದಗಿಸಲು ತೆರೆದ ಸಾರ್ವಜನಿಕ ಅಡಿಗೆಮನೆಯನ್ನು ನೆರೆಯವರು ಮೆಚ್ಚಲಿಲ್ಲ. ಅವರಿಗೆ ತಮ್ಮ ತಮ್ಮ ಊರಿನ ರುಚಿಯೇ ಬೇಕಾಗಿತ್ತು. ಇದಕ್ಕಿಂತ ಘೋರವಾದ ತಪ್ಪೊಂದನ್ನೂ ಆಕೆ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬನು ಸಹಾಯ ಬೇಡಿಬಂದಾಗ, ಕಾಲುವೆಯ ಅಗೆತದಲ್ಲಿ ಕೆಲಸ ಸಿಗುವುದಾದುದರಿಂದ ಮೊದಲು ಅಲ್ಲಿಗೆ ಹೋಗಬೇಕೆಂದು ಧರ್ಮಸಂಸ್ಥೆಗಳ ನಿಯಮದಂತೆ ಹೇಳಿ ಕಳುಹಿಸಿದರು. ಚಳಿಯಲ್ಲಿ ಹೊರಗೆ ದುಡಿದು ಅಭ್ಯಾಸವಿಲ್ಲದ ಆ ಮನುಷ್ಯನು ಎರಡು ದಿನ ಅಗೆದು, ನ್ಯುಮೋನಿಯ ಹಿಡಿದು, ಒಂದು ವಾರದೊಳಗೆ ಸತ್ತನು. ಅವನ ಇಬ್ಬರು ಮಕ್ಕಳನ್ನು ಕಂಡಾಗಲೆಲ್ಲ ಆಕೆಗೆ ಆ ನೆನಪು ಮರುಕಳಿಸುತ್ತಿತ್ತು. ನಿಯಮದಿಂದ ಒಬ್ಬನ ಬಾಳನ್ನು ತಿಳಿಯಲಾಗದು, ಅವನನ್ನು ಬಲ್ಲವರಾಗಿಯೇ ಸಹಾಯ ಮಾಡಬೇಕೆಂಬ ಅರಿವು ಆಕೆಗೆ ಬಂದದ್ದು ಇಷ್ಟು ಬೆಲೆ ತೆತ್ತು.

ಹಲ್ ಹೌಸಿನ ಮೊದಲನೆಯ ಕ್ರಿಸ್ಮಸ್ ಹಬ್ಬದಲ್ಲಿ ಮಕ್ಕಳಿಗೆ ಮಿಠಾಯಿ ಹಂಚಲಾಯಿತು. ಕೆಲವು ಪುಟ್ಟ ಹುಡುಗಿಯರು ಅದನ್ನು ಮುಟ್ಟಲೊಲ್ಲದೆ ಹೋದರು. ವಿಚಾರಿಸಲಾಗಿ, ಅವರು ಮಿಠಾಯಿಯ ಕಾರ್ಖಾನೆಯಲ್ಲಿ ಆರು ವಾರಗಳ ಕಾಲ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದು ಬಂದವರೆಂದೂ ಅದರ ನೋಟವೇ ಅವರಿಗೆ ಅಸಹ್ಯವಾಗಿತ್ತೆಂದೂ ತಿಳಿಯಿತು. ಹಬ್ಬದ ಸಿಹಿಯೇ ಕಹಿಯಾಗುವಂತೆ ಮಕ್ಕಳನ್ನು ದುಡಿಸುವ ದೇಶದಲ್ಲಿ ದಾನವೊಂದರಿಂದಲೇ ಏನಾದೀತು? ಕಾನೂನು ಬೇಕೆಂದು ಮಿಸ್ ಆಡಮ್ಸರೂ ಅವರ ಸಂಗಾತಿಯಾದ ಫ್ಲಾರೆನ್ಸ್ ಕೆಲಿಯವರೂ ನಿಶ್ಚಯಿಸಿದರು. ಬೀದಿಬೀದಿ ತಿರುಗಿ ಮನೆಗಳ ಸ್ಥಿತಿಯನ್ನೂ ಕೂಲಿಯ ಲೆಕ್ಕವನ್ನೂ ಬರೆದುಕೊಂಡರು. 1893ರಲ್ಲಿ ಇಲಿನಾಯ್ ಸಂಸ್ಥಾನವು ಹದಿನಾಲ್ಕು ವರ್ಷಕ್ಕೆ ಕೆಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದೆಂದೂ ಹೆಂಗಸರನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚಾಗಿ ದುಡಿಸಬಾರದೆಂದೂ ಶಾಸನ ಮಾಡಿತು. ಎಂಟು ಗಂಟೆಯ ನಿಬಂಧನೆಯನ್ನು ಉಚ್ಚ ನ್ಯಾಯಾಲಯವು 1895ರಲ್ಲಿ ರದ್ದುಮಾಡಿತು. ಇವರು ಎದೆಗುಂದಲಿಲ್ಲ. 1899ರಲ್ಲಿ ಆ ದೇಶದ ಮೊದಲನೆಯ ಬಾಲಾಪರಾಧಿಗಳ ನ್ಯಾಯಾಲಯವು ಅದೇ ಶಿಕಾಗೊದಲ್ಲಿ ಸ್ಥಾಪಿತವಾದುದರಲ್ಲಿಯೂ ಇವರ ಕೈಯಿತ್ತು.

ಆ ಕೇರಿಯಲ್ಲಿ ಕಸದ ಹಾವಳಿಯು ವಿಪರೀತವಾಗಿತ್ತು. ಕಸ ಸಾಗಿಸುವ ಗುತ್ತಿಗೆಯು ರಾಜಕೀಯದ ಕೃಪೆಯಿಂದ ದೊರೆಯುತ್ತಿದ್ದುದರಿಂದ ಕೇಳುವವರೇ ಇರಲಿಲ್ಲ. 1895ರಲ್ಲಿ ಮಿಸ್ ಆಡಮ್ಸರು ತಾವೇ ಆ ಗುತ್ತಿಗೆಗೆ ಅರ್ಜಿ ಹಾಕಿದರು. ಗುತ್ತಿಗೆ ಸಿಗಲಿಲ್ಲ, ಆದರೆ ನಗರಾಧ್ಯಕ್ಷನು ವರ್ಷಕ್ಕೆ 1000 ಡಾಲರ್ ಸಂಬಳದ ಮೇಲೆ ಅವರನ್ನು ಆ ವಿಭಾಗದ ಕಸದ ತನಿಖೆದಾರರನ್ನಾಗಿ ನೇಮಿಸಿದನು. ದಿನವೂ ಬೆಳಗಿನ ಜಾವ ಆರು ಗಂಟೆಗೆ ಎದ್ದು ಕಸದ ಬಂಡಿಗಳ ಹಿಂದೆ ಹೋಗಿ, ಅವು ಸರಿಯಾಗಿ ತುಂಬಿಕೊಂಡು ಹೋಗುವುದನ್ನು ನೋಡುತ್ತಿದ್ದರು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಹದಿನೆಂಟು ಅಂಗುಲ ಹೊಲಸನ್ನು ಕೆತ್ತಿ ತೆಗೆದ ಮೇಲೆ ಕೆಳಗೆ ಕಲ್ಲುಹಾಸಿನ ರಸ್ತೆಯೊಂದು ಬಯಲಾಯಿತು! ಅಂಥ ರಸ್ತೆಯುಂಟೆಂಬುದೇ ಅಲ್ಲಿಯವರಿಗೆ ಗೊತ್ತಿರಲಿಲ್ಲ. ನಗರದ ವಿಭಾಗಗಳಲ್ಲಿ ಮರಣದ ಪ್ರಮಾಣದಲ್ಲಿ ಮೂರನೆಯದಾಗಿದ್ದ ಆ ಕೇರಿಯು ಏಳನೆಯ ಸ್ಥಾನಕ್ಕೆ ಇಳಿಯಿತು. ಮನೆಯನ್ನು ಗುಡಿಸುವವಳು ಬೀದಿಯನ್ನೂ ಗುಡಿಸಬೇಕು, ಬೀದಿಯನ್ನು ಗುಡಿಸಬೇಕಾದರೆ ಆಕೆಗೆ ಓಟು ಬೇಕು ಎಂಬುದು ಅವರ ವಾದ. 1920ರಲ್ಲಿ ಅಮೆರಿಕದ ರಾಜ್ಯಾಂಗಕ್ಕೆ ಮಾಡಿದ 19ನೆಯ ತಿದ್ದುಪಡಿಯಿಂದ ಸ್ತ್ರೀಯರಿಗೆ ಆ ಹಕ್ಕು ಬಂದಿತು.

ಈಗ ತಂದೆಯ ಟೋಪಿಯ ಸಂಗತಿಗೆ ಬರೋಣ. ವಲಸೆ ಬಂದವರ ಮಕ್ಕಳು ಇಂಗ್ಲಿಷ್ ಕಲಿತು, ಹೊಸ ಉಡುಪು ಧರಿಸಿ, ತಮ್ಮ ತಾಯಂದಿರ ವಿಷಯದಲ್ಲಿ ನಾಚಿಕೊಳ್ಳುವುದನ್ನು ಮಿಸ್ ಆಡಮ್ಸರು ಕಂಡರು. ತಲೆಗೆ ವಸ್ತ್ರ ಕಟ್ಟಿಕೊಂಡ ತನ್ನ ತಾಯಿಯೊಡನೆ ಒಂದೇ ಬಾಗಿಲಿನಿಂದ ಬರಲು ಇಟಲಿಯ ಹುಡುಗಿಯೊಬ್ಬಳು ಒಪ್ಪದೆ ಬೇರೆ ಬಾಗಿಲಿನಿಂದ ಬರುತ್ತಿದ್ದಳು. 1900ರಲ್ಲಿ ಹಲ್ ಹೌಸಿನಲ್ಲಿ ತೆರೆದ ಶ್ರಮ ವಸ್ತುಸಂಗ್ರಹಾಲಯದಲ್ಲಿ ಇಂಥ ತಾಯಂದಿರು ತಮ್ಮ ತಮ್ಮ ನಾಡಿನ ರೀತಿಯಲ್ಲಿ ನೂಲುವುದನ್ನೂ ನೇಯುವುದನ್ನೂ ತೋರಿಸುತ್ತಿದ್ದರು. ಕದಿರನ್ನು ತಿರುಗಿಸಿ ನೂಲುವ ತನ್ನ ತಾಯಿಯ ಕೈಚಳಕವನ್ನು ಓದಿದ ಜನರು ಸುತ್ತ ನೆರೆದು ಮೆಚ್ಚುವುದನ್ನು ಆ ಹುಡುಗಿಯು ಕಂಡಳು. ಅಂದಿನಿಂದ ಒಂದೇ ಬಾಗಿಲಿನಿಂದ ತಾಯಿಯ ಕೈಹಿಡಿದು ಬರತೊಡಗಿದಳು. ಬಾಲ್ಯದಲ್ಲಿ ತನಗೆ ದೊರೆತ ವಂದನೆಯನ್ನು ಮಿಸ್ ಆಡಮ್ಸರು ಹೀಗೆ ಸಾವಿರಾರು ಪರದೇಶೀಯರಿಗೆ ಸಲ್ಲಿಸಿದರು.

ಸುಮಾರು 1890ರಿಂದ 1920ರವರೆಗಿನ ಕಾಲವನ್ನು ಅಮೆರಿಕದ ಇತಿಹಾಸಕಾರರು ಪ್ರಗತಿಯುಗವೆಂದು ಕರೆಯುತ್ತಾರೆ. ಆ ಕಾಲದ ಪ್ರಗತಿಪರರ ದೇಶಾಭಿಮಾನದ ತಿರುಳು ಮೇಲಣ ಸಂಗತಿಗಳಲ್ಲಿಯೇ ಇದೆ. ಅವರ ದೃಷ್ಟಿಯಲ್ಲಿ ದೇಶವು ಪೂರ್ವಿಕರು ಕಟ್ಟಿ ಮುಗಿಸಿ ಬೀಗದ ಕೈ ಕೊಟ್ಟುಹೋದ ಮನೆಯಲ್ಲ. ಅಡಿಪಾಯ ಹಾಕಿದವರು ದೊಡ್ಡವರು; ಗೋಡೆ ಇನ್ನೂ ಏಳುತ್ತಿದೆ; ಬಂದು ಸೇರಿದವರೆಲ್ಲರೂ ಕಲ್ಲು ಹೊರಬೇಕು. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ರಾಷ್ಟ್ರದಲ್ಲಿ ಮಿಠಾಯಿಯ ಹುಡುಗಿಗೆ ಆ ಸಮಾನತೆಯು ದೊರೆಯದಿದ್ದರೆ ಆ ಸಾರಿಕೆಯನ್ನು ನಿಜಮಾಡುವುದೇ ದೇಶಸೇವೆ. ಅವರ ಭರವಸೆಯೂ ಇಂಥದ್ದೇ. ಒಳ್ಳೆಯ ದಿನ ತಾನಾಗಿ ಬರುವುದೆಂದು ಅವರು ಕಾದು ಕುಳಿತವರಲ್ಲ. ಹದಿನೆಂಟು ಅಂಗುಲ ಹೊಲಸಿನ ಕೆಳಗೆ ರಸ್ತೆಯುಂಟೆಂದು ನಂಬಿ ಅಗೆದವರು.

1896ರಲ್ಲಿ ಮಿಸ್ ಆಡಮ್ಸರು ರಷ್ಯಕ್ಕೆ ಹೋಗಿ ಟಾಲ್‌ಸ್ಟಾಯ್ ಮಹಾಶಯರನ್ನು ಕಂಡರು. ಆಗಿನ ರೂಢಿಯಂತೆ ಅಗಲವಾಗಿದ್ದ ಅವರ ಅಂಗಿಯ ತೋಳುಗಳನ್ನು ಹಿಡಿದು ನೋಡಿ, ಈ ಬಟ್ಟೆಯಲ್ಲಿ ಒಬ್ಬ ಹುಡುಗಿಗೆ ಅಂಗಿಯಾದೀತೆಂದು ಅವರು ಟೀಕಿಸಿದರು. ನಾಚಿದ ಮಿಸ್ ಆಡಮ್ಸರು ಊರಿಗೆ ಮರಳಿದ ಮೇಲೆ ದಿನವೂ ಎರಡು ಗಂಟೆ ರೊಟ್ಟಿ ಸುಡುವೆನೆಂದು ಸಂಕಲ್ಪ ಮಾಡಿಕೊಂಡರು. ಬಂದು ನೋಡಿದರೆ ಬಾಗಿಲಲ್ಲಿ ಕಷ್ಟದಲ್ಲಿರುವ ಜನರು, ಮೇಜಿನ ಮೇಲೆ ಬಿಚ್ಚದ ಕಾಗದಗಳು. ಅವರನ್ನೆಲ್ಲ ಕಾಯಿಸಿ ತನ್ನ ಆತ್ಮದ ಸಮಾಧಾನಕ್ಕಾಗಿ ರೊಟ್ಟಿ ಸುಡುವುದು ಸರಿಯಲ್ಲವೆಂದು ಕಂಡು ಆ ಸಂಕಲ್ಪವನ್ನು ಬಿಟ್ಟರು. ಮಹಾತ್ಮರ ಮಾತನ್ನು ಗೌರವಿಸಿಯೂ ತನ್ನ ಕರ್ತವ್ಯವನ್ನು ತಾನೇ ನಿರ್ಣಯಿಸುವ ಧೈರ್ಯವು ಆಕೆಗಿತ್ತು.

1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ಪ್ರಗತಿಪಕ್ಷವೆಂಬ ಹೊಸ ಪಕ್ಷವನ್ನು ಕಟ್ಟಿ ಅಧ್ಯಕ್ಷಪದವಿಗೆ ನಿಂತಾಗ, ಶಿಕಾಗೊದ ಮಹಾಸಭೆಯಲ್ಲಿ ಅವರ ಹೆಸರನ್ನು ಅನುಮೋದಿಸಿದವರಲ್ಲಿ ಮಿಸ್ ಆಡಮ್ಸರೂ ಒಬ್ಬರು. ಮಕ್ಕಳ ದುಡಿಮೆಯ ನಿಷೇಧ, ಸ್ತ್ರೀಯರ ಓಟು, ಕಾರ್ಮಿಕರ ರಕ್ಷಣೆ ಎಲ್ಲವೂ ಆ ಪಕ್ಷದ ಘೋಷಣೆಯಲ್ಲಿದ್ದವು. ಆದರೆ ದಕ್ಷಿಣ ಸಂಸ್ಥಾನಗಳಿಂದ ಬಂದ ನೀಗ್ರೋ ಪ್ರತಿನಿಧಿಗಳಿಗೆ ಆ ಸಭೆಯು ಸ್ಥಾನ ಕೊಡಲಿಲ್ಲ. ಕರಿಯ ಜನರ ಹಕ್ಕಿಗಾಗಿ 1909ರಲ್ಲಿ ಹುಟ್ಟಿದ ಸಂಘದ ಸ್ಥಾಪಕರಲ್ಲಿ ಒಬ್ಬರಾಗಿದ್ದ ಆಕೆ ಇದನ್ನು ವಿರೋಧಿಸಿದರು. ಆದರೂ ಪಕ್ಷವನ್ನು ಬಿಡಲಿಲ್ಲ. ಈ ರಾಜಿಯು ಅಂದೂ ಹಲವರಿಗೆ ನೋವನ್ನುಂಟುಮಾಡಿತು. ಅದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲವೆಂದು ನಾವು ಎಣಿಸುತ್ತೇವೆ. ಆ ಚುನಾವಣೆಯಲ್ಲಿ ರೂಸ್‌ವೆಲ್ಟರು ಸೋತರು, ವುಡ್ರೊ ವಿಲ್ಸನರು ಗೆದ್ದರು.

ನಿಜವಾದ ಪರೀಕ್ಷೆಯು ಇನ್ನೂ ಮುಂದಿತ್ತು. 1914ರಲ್ಲಿ ಯೂರೋಪಿನ ಮಹಾಯುದ್ಧವು ಹೊತ್ತಿಕೊಂಡಿತು. ಹಲ್ ಹೌಸಿನ ಬೀದಿಯಲ್ಲಿ ಜರ್ಮನನೂ ಇಟಲಿಯವನೂ ರಷ್ಯದವನೂ ಅಕ್ಕಪಕ್ಕದಲ್ಲಿ ಬಾಳುವುದನ್ನು ಇಪ್ಪತ್ತೈದು ವರ್ಷ ಕಂಡಿದ್ದ ಮಿಸ್ ಆಡಮ್ಸರಿಗೆ ಅವರ ನಾಡುಗಳು ಕೂಡಿ ಬಾಳಲಾರವೆಂಬ ಮಾತು ನಂಬಿಕೆಗೆ ಬರಲಿಲ್ಲ. 1915ರ ಏಪ್ರಿಲ್ ಕೊನೆಯಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಹನ್ನೆರಡು ದೇಶಗಳ ಸಾವಿರಕ್ಕೂ ಹೆಚ್ಚು ಸ್ತ್ರೀಯರು ಕೂಡಿದಾಗ ಆಕೆಯೇ ಅಧ್ಯಕ್ಷೆ. ಯುದ್ಧದಲ್ಲಿ ತೊಡಗಿದ ದೇಶಗಳ ರಾಜಧಾನಿಗಳಿಗೆ ಹೋಗಿ, ತಟಸ್ಥ ರಾಷ್ಟ್ರಗಳ ಮಧ್ಯಸ್ಥಿಕೆಯಿಂದ ಶಾಂತಿ ತರಬೇಕೆಂದು ಮಂತ್ರಿಗಳನ್ನು ಬೇಡಿಕೊಂಡರು. ಅದೇ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮಾತಾಡುತ್ತ, ಈಟಿ ಹಿಡಿದು ಮೇಲೆ ಬೀಳುವ ಮೊದಲು ಸೈನಿಕರಿಗೆ ಮತ್ತೇರಿಸುವ ಪದಾರ್ಥಗಳನ್ನು ಕೊಡುವರೆಂದು ತಾನು ಕೇಳಿಬಂದದ್ದನ್ನು ತಿಳಿಸಿದರು. ವೀರರನ್ನು ಅವಮಾನಿಸಿದಳೆಂದು ಪತ್ರಿಕೆಗಳು ಆಕೆಯ ಮೇಲೆ ಎರಗಿದವು. ನಿನ್ನೆಯವರೆಗೆ ರಾಷ್ಟ್ರದ ಪೂಜ್ಯಮಹಿಳೆಯೆನಿಸಿದ್ದವಳು ಒಂದೇ ದಿನದಲ್ಲಿ ನಿಂದೆಗೆ ಗುರಿಯಾದಳು.

1917ರ ಏಪ್ರಿಲಿನಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಹಳೆಯ ಮಿತ್ರರಲ್ಲಿ ಬಹುಮಂದಿ ಯುದ್ಧದ ಪಕ್ಷಕ್ಕೆ ಸೇರಿದರು. ಅವರು ಕಪಟಿಗಳಾಗಿರಲಿಲ್ಲ, ಮಕ್ಕಳನ್ನು ರಣರಂಗಕ್ಕೆ ಕಳುಹಿಸಿದ ತಾಯಿತಂದೆಗಳ ಸಿಟ್ಟನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಮಿಸ್ ಆಡಮ್ಸರೂ ಅದನ್ನು ಅಲ್ಲಗಳೆಯಲಿಲ್ಲ. ಇಡೀ ದೇಶವು ಒಂದು ಕಡೆಗಿದ್ದಾಗ ತಾನೊಬ್ಬಳೇ ಸರಿಯೆಂದು ತಿಳಿಯುವುದು ಅಹಂಕಾರವಾಗಿರಬಹುದೇ ಎಂಬ ಸಂದೇಹವು ತನ್ನನ್ನು ಎಡೆಬಿಡದೆ ಪೀಡಿಸಿತೆಂದು 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕೆ ತೋಡಿಕೊಂಡಿದ್ದಾರೆ. ಆದರೂ ಯುದ್ಧವು ಸರಿಯೆಂದು ಬಾಯಿಯಿಂದ ಬರಲಿಲ್ಲ. ರಾಕ್‌ಫರ್ಡಿನ ಶಾಲೆಯಲ್ಲಿ ಬಾರದ ಮಾತನ್ನು ಬಲವಂತವಾಗಿ ಆಡಲೊಪ್ಪದ ಹುಡುಗಿಯೇ ಅವಳು. ಸರಕಾರದ ಆಹಾರ ಇಲಾಖೆಯ ಪರವಾಗಿ ಊರೂರು ತಿರುಗಿ, ಧಾನ್ಯವನ್ನು ಉಳಿಸಿ ಹಸಿದವರಿಗೆ ಕಳುಹಿಸಬೇಕೆಂದು ಸ್ತ್ರೀಯರಿಗೆ ಬೋಧಿಸಿದರು. ಅನ್ನ ಕೊಡುವ ಕೆಲಸದಲ್ಲಿ ತನ್ನ ಮನಸ್ಸಾಕ್ಷಿಗೂ ದೇಶಕ್ಕೂ ಕೂಡಿ ನಡೆಯಲು ದಾರಿಯುಂಟೆಂದು ಕಂಡರು.

ಯುದ್ಧ ನಿಂತಮೇಲೆ 1919ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಸ್ತ್ರೀಯರ ಅಂತರರಾಷ್ಟ್ರೀಯ ಸಂಘವೆಂಬುದು ರೂಪುಗೊಂಡಿತು. ಆಕೆಯನ್ನೇ ಅಧ್ಯಕ್ಷೆಯನ್ನಾಗಿ ಆರಿಸಿದರು. ಅಲ್ಲಿಂದ ಸೋತ ಜರ್ಮನಿಗೆ ಹೋಗಿ, ಅನ್ನವಿಲ್ಲದೆ ಬತ್ತಿದ ಶಾಲಾಮಕ್ಕಳನ್ನು ಕಂಡುಬಂದು, ಶತ್ರುಗಳ ಮಕ್ಕಳಿಗೂ ಆಹಾರ ಕಳುಹಿಸಬೇಕೆಂದು ಸ್ವದೇಶದಲ್ಲಿ ಬೇಡಿದರು. ಒಳ್ಳೆಯ ಸಮಾರ್ಯದವನ ಸಾಮತಿಯನ್ನು ಬಾಲ್ಯದಿಂದ ಕೇಳಿದ ಜನರೇ ಆಕೆಗೆ ಕಿವಿಗೊಡಲಿಲ್ಲ. ದೇಶದ ಸ್ವಾತಂತ್ರ್ಯಯುದ್ಧದಲ್ಲಿ ಕಾದಿದವರ ವಂಶದ ಸ್ತ್ರೀಯರ ಸಂಘವು ಹಿಂದೆ ತಾನೇ ಕೊಟ್ಟಿದ್ದ ಗೌರವ ಸದಸ್ಯತ್ವವನ್ನು ಕಿತ್ತುಕೊಂಡಿತು. ದೇಶದ್ರೋಹಿಯೆಂಬ ಹೆಸರು ಬಂದಿತು. 1923ರಲ್ಲಿ ಲೋಕಸಂಚಾರ ಮಾಡುತ್ತ ಆಕೆ ನಮ್ಮ ಭಾರತಕ್ಕೂ ಬಂದಿದ್ದರು. ಗಾಂಧೀಜಿಯವರು ಆಗ ಸೆರೆಮನೆಯಲ್ಲಿದ್ದರು.

ಕಾಲವು ಮೆಲ್ಲನೆ ತಿರುಗಿತು. 1931ರಲ್ಲಿ ನಿಕೊಲಸ್ ಬಟ್ಲರರೊಡನೆ ಹಂಚಿಕೊಂಡು ನೊಬೆಲ್ ಶಾಂತಿ ಪಾರಿತೋಷಕವು ಆಕೆಗೆ ದೊರೆಯಿತು. ಆ ಗೌರವವನ್ನು ಪಡೆದ ಅಮೆರಿಕದ ಮೊದಲನೆಯ ಸ್ತ್ರೀ ಆಕೆಯೇ. ಪಾರಿತೋಷಕವನ್ನು ಕೊಟ್ಟ ಡಿಸೆಂಬರ್ 10ರಂದು ಆಕೆ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಬಂದ ಹಣವನ್ನು ಶಾಂತಿಯ ಸಂಘಕ್ಕೆ ಕೊಟ್ಟರು. 1935ನೆಯ ಇಸವಿ ಮೇ 21ರಂದು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಶಿಕಾಗೊದಲ್ಲಿ ಕೊನೆಯುಸಿರೆಳೆದರು. ಹಲ್ ಹೌಸಿನಲ್ಲಿ ಇರಿಸಿದ್ದ ಶರೀರದ ಮುಂದೆ ಬಡವರೂ ಬಲ್ಲಿದರೂ ನಾನಾ ಭಾಷೆಯವರೂ ಸಾವಿರಗಟ್ಟಲೆ ಸಾಗಿಹೋದರು. ಸೀಡರ್‌ವಿಲ್ಲಿನಲ್ಲಿ ತಂದೆತಾಯಿಗಳ ಬಳಿಯಲ್ಲಿ ಸಮಾಧಿಯಾಯಿತು. ಕಲ್ಲಿನ ಮೇಲೆ ಬಿರುದಾಗಲಿ ಬಹುಮಾನವಾಗಲಿ ಇಲ್ಲ. ಹೆಸರಿನೊಡನೆ ಕೆತ್ತಿರುವುದು ಎರಡನ್ನೇ: ಹಲ್ ಹೌಸ್ ಮತ್ತು ಸ್ತ್ರೀಯರ ಆ ಶಾಂತಿಸಂಘ. ಮೊದಲನೆಯದು ಒಂದು ಬೀದಿ, ಎರಡನೆಯದು ಇಡೀ ಲೋಕ.

ಹಲ್ ಹೌಸಿನ ಕಟ್ಟಡಗಳಲ್ಲಿ ಹೆಚ್ಚಿನವನ್ನು ವಿಶ್ವವಿದ್ಯಾನಿಲಯದ ವಿಸ್ತರಣೆಗಾಗಿ 1963ರಲ್ಲಿ ಕೆಡವಲಾಯಿತು. ಮೊದಲನೆಯ ಆ ಹಳೆಯ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಆಕೆಯ ಹೆಸರಿನ ಸೇವಾಸಂಸ್ಥೆಯೂ ಹಣದ ಅಭಾವದಿಂದ 2012ರಲ್ಲಿ ಮುಚ್ಚಿತು. ಕಲ್ಲು ಇಟ್ಟಿಗೆಗಳಿಗೆ ಇಷ್ಟೇ ಆಯುಸ್ಸು. ಆದರೆ ಬಾಲಾಪರಾಧಿಯನ್ನು ಮಗುವೆಂದು ನೋಡುವ ನ್ಯಾಯಾಲಯವೂ, ಮಕ್ಕಳ ದುಡಿಮೆಯನ್ನು ಅಪರಾಧವೆಂದು ಎಣಿಸುವ ಕಾನೂನೂ, ಓಟು ಹಾಕಲು ಸಾಲಿನಲ್ಲಿ ನಿಂತ ಹೆಂಗಸೂ ಆಕೆಯ ಹೆಸರನ್ನು ಕೇಳದವರ ನಡುವೆಯೂ ಉಳಿದಿರುವುವು.

ನಮ್ಮ ಶಾಲೆಯಿಂದ ಹೊರಟ ಸೋದರಿಯರೇ, ನಮ್ಮಲ್ಲಿ ಎಲ್ಲರಿಗೂ ಹದಿಮೂರು ಕಟ್ಟಡಗಳನ್ನು ಕಟ್ಟಿಸುವ ಶಕ್ತಿಯಿಲ್ಲ, ಅರಸರ ಮುಂದೆ ಶಾಂತಿಯ ಮಾತಾಡುವ ಅವಕಾಶವೂ ಇಲ್ಲ. ಆದರೆ ನಮ್ಮ ಮನೆಯ ಎದುರಿನ ಬೀದಿಯೊಂದು ಎಲ್ಲರಿಗೂ ಇದೆ. ಬೇರೆ ಊರಿನಿಂದ ಬಂದು, ಬೇರೆ ಮಾತಾಡುತ್ತ, ನಮ್ಮ ಕೇರಿಯ ಅಂಚಿನಲ್ಲಿ ಬಿಡಾರ ಹೂಡಿದ ಕೂಲಿಯ ಕುಟುಂಬವೊಂದು ಎಲ್ಲ ಊರಿನಲ್ಲಿಯೂ ಇದೆ. ಅವರ ಮಗಳು ಶಾಲೆಗೆ ಹೋಗುವಳೋ ಇಲ್ಲವೋ ಎಂದು ವಿಚಾರಿಸುವುದರಿಂದ ನಾವು ಪ್ರಾರಂಭಿಸಬಹುದು. ತಾಯಿತಂದೆಗಳಲ್ಲಿಯೂ ಒಂದು ವಿಜ್ಞಾಪನೆ: ನಿಮ್ಮ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಬಿಡಬೇಡಿರಿ. ಗಿರಣಿಯ ಒಡೆಯನೊಬ್ಬನು ಒಂದು ಮುಂಜಾನೆ ಮಗಳ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಟ್ಟುದರ ಫಲವನ್ನು ಎಷ್ಟೋ ದೇಶಗಳ ಮಕ್ಕಳು ಉಂಡರು. ದೇವರು ನಮ್ಮ ಶಾಲೆಯ ಮಕ್ಕಳಿಗೆ ಅಂಥ ಕಣ್ಣುಗಳನ್ನೂ ಅಂಥ ಧೈರ್ಯವನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.